ಕುದುರೆಗೆ ಬೇಸಗೆಯ ನೊಣ-ನುಸಿಗಳ ಕಾಟ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಒಂದು ದಿನ ಒಂಬತ್ತನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ರಾಜಸಭೆಯ ವರ್ಣನೆಯಲ್ಲಿ ‘ಚಾಮರ’ ಎಂಬ ಮಾತು ಬಂತು. ಚಮರೀಮೃಗದ ಬಾಲದ ಕೂದಲಿನಿಂದ ಮಾಡಿದ್ದು ಚಾಮರ. ಶ್ವೇತಚ್ಛತ್ರದಂತೆ ಅದೂ ಅರಸುತನದ ಗುರುತು. ‘ವಾಲವ್ಯಜನ’, ಎಂದರೆ ಬಾಲದ ಬೀಸಣಿಗೆ, ಎಂದೂ ಅದಕ್ಕೆ ಹೆಸರುಂಟು ಎಂದು ವಿವರಿಸಿದೆ. ಮೆರವಣಿಗೆಯ ಭೂಷಣವಾದ ಈ ವಸ್ತುವಿನ ಮೂಲ ಕೆಲಸ ನೊಣ ಓಡಿಸುವುದು ಎಂದೂ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು, “ಹಾಗಾದರೆ ನಮ್ಮ ಕುದುರೆಗೆ ಹುಟ್ಟಿನಿಂದಲೇ ಚಾಮರ ಇದೆ, ಸಾರ್” ಎಂದ. ತರಗತಿ ನಕ್ಕಿತು. ಆತ ಜಟಕಾ ಹೊಡೆಯುವವರ ಮಗ. ಮಾತು ಚೆನ್ನಾಗಿತ್ತು, ಶಹಬಾಸ್ ಹೇಳಿ ಕೂರಿಸಿದೆ.

ಏಪ್ರಿಲ್ ತಿಂಗಳಲ್ಲಿ ಎರಡು ಮಳೆ ಬಿದ್ದು ಹಲಸಿನ ಹಣ್ಣು ಪೇಟೆಗೆ ಬಂದಿತ್ತು. ಮಧ್ಯಾಹ್ನ ಮಾರುಕಟ್ಟೆಯಿಂದ ಬರುತ್ತಿದ್ದಾಗ ಅದೇ ಹುಡುಗ ಜಟಕಾ ನಿಲ್ದಾಣದ ಮರದಡಿಯಲ್ಲಿ ಬೇವಿನ ಕೊಂಬೆ ಹಿಡಿದು ಕುದುರೆಯ ಮುಖಕ್ಕೆ ಬೀಸುತ್ತಿದ್ದುದನ್ನು ಕಂಡೆ. ಕುದುರೆಯ ಎಡಗಣ್ಣಿನ ಒಳಮೂಲೆಯಲ್ಲಿ ರೂಪಾಯಿಯಗಲದ ಹಸಿ ಹುಣ್ಣು. ಅದರ ಸುತ್ತ ನೊಣಗಳು ಮುತ್ತಿದ್ದವು. ಕೊಂಬೆ ಬೀಸಿದರೆ ಏಳುತ್ತಿದ್ದವು, ಕೈ ನಿಂತರೆ ಮತ್ತೆ ಕೂರುತ್ತಿದ್ದವು. “ಬಾಲ ಕಣ್ಣಿನ ತನಕ ಬರುವುದಿಲ್ಲವಲ್ಲ, ಸಾರ್” ಎಂದ ಹುಡುಗ. ನಾನು ತರಗತಿಯಲ್ಲಿ ಮೆಚ್ಚಿದ ಮಾತು ಅರ್ಧ ಮಾತ್ರ ಸರಿ ಎಂದು ಅಂದು ತಿಳಿಯಿತು.

ಆ ಹುಣ್ಣಿನಿಂದ ಕುದುರೆ ಮೂರು ವಾರ ಗಾಡಿಗೆ ಕಟ್ಟಿಸಿಕೊಳ್ಳಲಿಲ್ಲ. ಮೂರು ವಾರ ಆ ಮನೆಗೆ ಸಂಪಾದನೆಯಿಲ್ಲ. ಇಷ್ಟಕ್ಕೆಲ್ಲ ಕಾರಣ ನೊಣ. ಅದನ್ನು ನಾವು ಕೈಬೀಸಿ ಮರೆಯುತ್ತೇವೆ. ಕುದುರೆಗೆ ಬೀಸಲು ಕೈಯಿಲ್ಲ. ಅಂದಿನಿಂದ ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಕಣ್ಣಾರೆ ನೋಡಿ ಸಂಗ್ರಹಿಸಿದುದನ್ನು ಇಲ್ಲಿ ಹೇಳುತ್ತೇನೆ. “ನಾವು ಪೇಟೆಯ ಜನ, ನಮಗೆ ಕುದುರೆಯ ಗೊಡವೆ ಏಕೆ?” ಎಂದು ವಾಚಕರು ಕೇಳಬಹುದು. ಮೈಸೂರಿನಲ್ಲಿ ಜಟಕಾ, ಟಾಂಗಾಗಳು ಬಹಳ ಕಡಿಮೆಯಾಗಿವೆ, ನಿಜ. ಆದರೂ ಪ್ರವಾಸಿಗಳನ್ನು ಕೂರಿಸಿಕೊಂಡು ಅರಮನೆಯ ಸುತ್ತ ಇನ್ನೂ ಓಡಾಡುತ್ತಿವೆ. ದಸರೆಯ ಅಶ್ವಾರೋಹಿ ಪೊಲೀಸರ ಕುದುರೆಗಳಿವೆ, ಮದುವೆಯ ದಿಬ್ಬಣದ ಕುದುರೆಗಳಿವೆ, ಸವಾರಿ ಕಲಿಸುವ ಶಾಲೆಗಳಿವೆ. ಅದಲ್ಲದೆ ಕುದುರೆಯ ನೊಣಕ್ಕೂ ನಮ್ಮ ಅಡಿಗೆಮನೆಗೂ ಇರುವ ನಂಟು ಲೇಖನದ ಕೊನೆಯ ಹೊತ್ತಿಗೆ ತಾನಾಗಿಯೇ ಗೊತ್ತಾಗುತ್ತದೆ.

ಹುಟ್ಟಿನ ರಕ್ಷಣೆ, ನಾವು ಕಸಿದ ರಕ್ಷಣೆ

ಪ್ರಕೃತಿ ಕುದುರೆಯನ್ನು ನೊಣದ ಮುಂದೆ ಬರಿಗೈಯಲ್ಲಿ ನಿಲ್ಲಿಸಿಲ್ಲ. ಬಾಲವು ಹಿಂಭಾಗವನ್ನೂ ಹೊಟ್ಟೆಯ ಪಕ್ಕಗಳನ್ನೂ ಕಾಯುತ್ತದೆ. ಹಣೆಯ ಮೇಲೆ ಇಳಿಬಿದ್ದ ಜುಟ್ಟು ಕಣ್ಣುಗಳನ್ನು ಕಾಯುತ್ತದೆ. ಕತ್ತಿನ ಒಂದು ಕಡೆಗೆ ಬಿದ್ದಿರುವ ಕೇಸರವು ಕತ್ತನ್ನು ಕಾಯುತ್ತದೆ. ಭುಜದ ಮೇಲೂ ಪಕ್ಕೆಯ ಮೇಲೂ ಚರ್ಮದ ಅಡಿಯಲ್ಲಿ ಒಂದು ತೆಳುವಾದ ಸ್ನಾಯುಪದರ ಹರಡಿಕೊಂಡಿದೆ. ಒಂದು ನೊಣ ಕುಳಿತರೂ ಸಾಕು, ಕುದುರೆ ಕಾಲನ್ನಾಗಲಿ ಕತ್ತನ್ನಾಗಲಿ ಅಲ್ಲಾಡಿಸದೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಅದನ್ನು ಕೊಡವುತ್ತದೆ. ಮುಂಗಾಲಿನ ನೊಣಕ್ಕೆ ಕಾಲು ಅಪ್ಪಳಿಸುವುದುಂಟು. ಬಯಲಿನಲ್ಲಿ ಬಿಟ್ಟ ಎರಡು ಕುದುರೆಗಳನ್ನು ನೋಡಿ: ಒಂದರ ತಲೆಯ ಪಕ್ಕಕ್ಕೆ ಇನ್ನೊಂದರ ಬಾಲ ಬರುವಂತೆ ನಿಂತಿರುತ್ತವೆ. ಇದರ ಬಾಲ ಅದರ ಮುಖಕ್ಕೆ ಚಾಮರ, ಅದರ ಬಾಲ ಇದರ ಮುಖಕ್ಕೆ ಚಾಮರ. ಗಾಳಿ ಬೀಸುವ ದಿಬ್ಬವನ್ನೋ ಕತ್ತಲೆಯ ನೆರಳನ್ನೋ ಹುಡುಕಿಕೊಂಡು ಹೋಗುವುದೂ ಈ ರಕ್ಷಣೆಯ ಒಂದು ಭಾಗವೇ.

ಇನ್ನು ಗಾಡಿಗೆ ಕಟ್ಟಿದ ಕುದುರೆಯನ್ನು ನೋಡೋಣ. ಎರಡು ಕಡೆ ಮೂಕಿಮರ. ಬಾಲದ ಬುಡದಲ್ಲಿ ಪಟ್ಟಿ. ಮೈಮೇಲೆ ತೊಗಲಿನ ಬಿಗಿ. ಕಣ್ಣಿನ ಪಕ್ಕ ಮರೆಪಟ್ಟಿ. ತಲೆ ಕೊಡವಲು ಲಗಾಮು ಬಿಡದು. ಜೊತೆಗೆ ನಿಲ್ಲಲು ಇನ್ನೊಂದು ಕುದುರೆಯಿಲ್ಲ. ಗಾಳಿಯಿರುವ ಕಡೆಗೆ ನಡೆದು ಹೋಗುವ ಸ್ವಾತಂತ್ರ್ಯವಿಲ್ಲ. ದೇವರು ಕೊಟ್ಟ ರಕ್ಷಣೆಯನ್ನು ಒಂದೊಂದಾಗಿ ನಾವು ಕಟ್ಟಿಹಾಕಿದ್ದೇವೆ. ಕಟ್ಟಿದವರ ಮೇಲೆ ಕಾಯುವ ಹೊಣೆ ಬೀಳುತ್ತದೆ. ನಮ್ಮ ಹಿರಿಯರು ಇದನ್ನು ಅರಿತಿದ್ದರು. ಅಜ್ಞಾತವಾಸದಲ್ಲಿ ವಿರಾಟನ ಕುದುರೆಗಳನ್ನು ನೋಡಿಕೊಳ್ಳಲು ನಿಂತವನು ಪಾಂಡವರಲ್ಲಿ ಒಬ್ಬನಾದ ನಕುಲನೇ. ಕನ್ನಡದಲ್ಲಿಯೂ ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ಸುಮಾರು ೧೪೦೦ರಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನೂ ಬರೆದರು. ಪಶುವಿನ ಆರೈಕೆ ಪಂಡಿತರಿಗೆ ಹೀನವಾದ ವಿಷಯವಾಗಿರಲಿಲ್ಲ.

ನಾಲ್ಕು ಬಗೆಯ ಶತ್ರುಗಳು

ಸಂಸ್ಕೃತದಲ್ಲಿ ‘ದಂಶ’, ‘ಮಶಕ’, ‘ಮಕ್ಷಿಕಾ’ ಎಂದು ಬೇರೆ ಬೇರೆ ಹೆಸರುಗಳಿವೆ. ದಂಶವೆಂದರೆ ಕಾಡಿನ ಕಚ್ಚುವ ನೊಣ ಎಂದು ಅಮರಕೋಶದ ಅರ್ಥ. ನಾವು ಎಲ್ಲವನ್ನೂ ‘ನೊಣ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಹೆಸರಿನಲ್ಲಿ ಭೇದ ಮಾಡದಿದ್ದರೆ ಉಪಾಯದಲ್ಲಿಯೂ ಭೇದ ತಿಳಿಯುವುದಿಲ್ಲ. ಕುದುರೆಯನ್ನು ಕಾಡುವವು ಮುಖ್ಯವಾಗಿ ನಾಲ್ಕು.

ಮೊದಲನೆಯದು ಮನೆನೊಣ. ಇದಕ್ಕೆ ಕಚ್ಚುವ ಬಾಯಿಲ್ಲ. ಒದ್ದೆಯನ್ನು ಒರೆಸಿ ಹೀರುವ ಬಾಯಿ ಮಾತ್ರ ಇದೆ. ಆದ್ದರಿಂದ ಕಣ್ಣೀರು, ಜೊಲ್ಲು, ಬೆವರು, ಗಾಯದ ರಸಿಕೆ ಇರುವ ಕಡೆಗೆ ಬರುತ್ತದೆ. ಕಚ್ಚದ ನೊಣವೆಂದು ಉಪೇಕ್ಷೆ ಮಾಡಬಾರದು. ಆ ಹುಡುಗನ ಕುದುರೆಯ ಕಣ್ಣಿನ ಹುಣ್ಣು ಇದರ ಕೆಲಸ. ಅದರ ಬಗೆ ವಿಚಿತ್ರವಾದದ್ದು. ಕುದುರೆಯ ಜಠರದಲ್ಲಿ ಹ್ಯಾಬ್ರೊನೀಮ ಎಂಬ ಸಣ್ಣ ಹುಳು ಇರುತ್ತದೆ. ಅದರ ಮರಿಗಳು ಲದ್ದಿಯಲ್ಲಿ ಹೊರಬೀಳುತ್ತವೆ. ಲದ್ದಿಯಲ್ಲಿ ಬೆಳೆಯುವ ನೊಣದ ಹುಳು ಅವನ್ನು ನುಂಗುತ್ತದೆ. ಅದು ರೆಕ್ಕೆ ಬಂದ ನೊಣವಾಗಿ ಕುದುರೆಯ ತುಟಿಯ ಮೇಲೆ ಕುಳಿತರೆ ಮರಿಗಳು ಬಾಯಿಂದ ಮತ್ತೆ ಜಠರ ಸೇರುತ್ತವೆ. ಕಣ್ಣಿನ ಮೂಲೆಯಲ್ಲೋ ಗಾಯದ ಮೇಲೋ ಕುಳಿತರೆ ಅಲ್ಲಿಯೇ ಇಳಿದು, ಮುಂದೆ ದಾರಿ ಕಾಣದೆ ಹುಣ್ಣನ್ನು ಕೆರಳಿಸುತ್ತವೆ. ಅದು ಬೇಸಗೆಯುದ್ದಕ್ಕೂ ಮಾಯದೆ ಉಳಿಯುವುದರಿಂದ ಇದಕ್ಕೆ ‘ಬೇಸಗೆ ಹುಣ್ಣು’ ಎಂದೇ ಹೆಸರು. ಬರಿಯ ಮುಲಾಮು ಹಚ್ಚಿದರೆ ಸಾಲದು, ಹೊಟ್ಟೆಯ ಹುಳುವಿಗೂ ಔಷಧಿ ಕೊಡಬೇಕು ಎಂದು ಪಶುವೈದ್ಯರು ಹೇಳಿದಾಗಲೇ ಕಣ್ಣಿನ ಹುಣ್ಣಿಗೂ ಲದ್ದಿಗೂ ಇರುವ ಸಂಬಂಧ ನಮಗೆ ಅರ್ಥವಾದದ್ದು.

ಎರಡನೆಯದು ಲಾಯದ ನೊಣ. ನೋಡಲು ಮನೆನೊಣದಂತೆಯೇ ಇರುತ್ತದೆ. ಆದರೆ ಬಾಯಿಯ ಜಾಗದಲ್ಲಿ ಸೂಜಿಯಂಥ ಸೊಂಡಿಲು ಮುಂದಕ್ಕೆ ಚಾಚಿಕೊಂಡಿರುತ್ತದೆ. ಗಂಡು ಹೆಣ್ಣು ಎರಡೂ ರಕ್ತ ಕುಡಿಯುತ್ತವೆ. ಹೆಚ್ಚಾಗಿ ಕಾಲುಗಳಿಗೇ ಕಚ್ಚುತ್ತದೆ. ನಿಂತ ಕುದುರೆ ದಿನವಿಡೀ ಕಾಲು ಅಪ್ಪಳಿಸುತ್ತಿದ್ದರೆ ಅದು ಹಟಮಾರಿಯೆಂದು ಬೈಯಬೇಡಿ. ಬಗ್ಗಿ ಕಾಲನ್ನು ನೋಡಿ. ಹೀಗೆ ಅಪ್ಪಳಿಸಿ ಅಪ್ಪಳಿಸಿ ಲಾಳ ಸಡಿಲವಾಗುತ್ತದೆ, ಗೊರಸು ಬಿರಿಯುತ್ತದೆ. ಒದ್ದೆ ಹುಲ್ಲು, ಮೂತ್ರ ಬೆರೆತ ಲದ್ದಿ, ಚೆಲ್ಲಿದ ಹುರುಳಿ-ತೌಡು ಕೊಳೆತ ಜಾಗ ಇದರ ತೊಟ್ಟಿಲು.

ಮೂರನೆಯದು ಕುದುರೆನೊಣ. ಇದೇ ನಿಜವಾದ ದಂಶ. ಗಾತ್ರ ದೊಡ್ಡದು, ಕಣ್ಣು ದೊಡ್ಡದು, ಸುಡುಬಿಸಿಲೆಂದರೆ ಇದಕ್ಕೆ ಹಬ್ಬ. ಹೆಣ್ಣು ಮಾತ್ರ ರಕ್ತ ಕುಡಿಯುತ್ತದೆ, ಮೊಟ್ಟೆಗಾಗಿ. ಕತ್ತರಿಯಂತೆ ಚರ್ಮ ಕುಯ್ದು ಒಸರಿದ ರಕ್ತವನ್ನು ನೆಕ್ಕುತ್ತದೆ. ಕೆರೆ-ತೊರೆಗಳ ಅಂಚಿನ ಕೆಸರಿನಲ್ಲಿ ಹುಟ್ಟುತ್ತದೆ. ಕುಯ್ತದ ನೋವಿಗೆ ಕುದುರೆ ಕೊಡವಿಕೊಂಡರೆ ಅರ್ಧ ಊಟದಲ್ಲಿ ಎದ್ದು ಪಕ್ಕದ ಪ್ರಾಣಿಯ ಮೇಲೆ ಕೂರುತ್ತದೆ. ಆಗ ಮೊದಲ ಪ್ರಾಣಿಯ ರಕ್ತ ಬಾಯಲ್ಲಿ ಇನ್ನೂ ಹಸಿಯಾಗಿಯೇ ಇರುತ್ತದೆ. ‘ಸರ್ರಾ’ ಎಂಬ ರೋಗ ಹೀಗೆ ಹರಡುತ್ತದೆ. ಬಿಟ್ಟು ಬಿಟ್ಟು ಜ್ವರ, ರಕ್ತಹೀನತೆ, ಕಾಲು-ಹೊಟ್ಟೆಗಳಲ್ಲಿ ಬಾವು, ಮೇವು ತಿಂದರೂ ಸೊರಗುವ ಮೈ, ಚಿಕಿತ್ಸೆಯಿಲ್ಲದಿದ್ದರೆ ಸಾವು. ೧೮೮೦ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ರೋಗದ ಸೂಕ್ಷ್ಮಜೀವಿಯನ್ನು ಕಂಡನು. ಇಂದಿಗೂ ಅದಕ್ಕೆ ಆತನದೇ ಹೆಸರಿದೆ: ಟ್ರಿಪನೊಸೋಮ ಇವಾನ್ಸಿ.

ನಾಲ್ಕನೆಯದು ನುಸಿ. ನಮ್ಮಲ್ಲಿ ಸೊಳ್ಳೆಗೂ ನುಸಿ ಎನ್ನುವುದುಂಟು. ಇಲ್ಲಿ ಹೇಳುತ್ತಿರುವುದು ಸೊಳ್ಳೆಗಿಂತ ಬಹಳ ಚಿಕ್ಕದಾದ, ಒಂದರಿಂದ ಮೂರು ಮಿಲಿಮೀಟರ್ ಉದ್ದದ, ಶಾಸ್ತ್ರಜ್ಞರು ಕ್ಯುಲಿಕಾಯ್ಡಿಸ್ ಎಂದು ಕರೆಯುವ ಕೀಟವನ್ನು. ಬಿಸಿಲು ಇಳಿದ ಮೇಲೆ, ಮುಸ್ಸಂಜೆಯಲ್ಲಿ ಮತ್ತು ನಸುಕಿನಲ್ಲಿ ಇದರ ದಾಳಿ ಹೆಚ್ಚು. ಕೇಸರದ ಬುಡ, ಬಾಲದ ಬುಡ, ಹೊಟ್ಟೆಯ ಅಡಿ ಇದಕ್ಕೆ ಇಷ್ಟ. ಕೆಲವು ಕುದುರೆಗಳ ಮೈಗೆ ಇದರ ಎಂಜಲು ಒಗ್ಗುವುದಿಲ್ಲ. ಅಂಥವು ಗೋಡೆಗೆ, ಮರಕ್ಕೆ ಉಜ್ಜಿ ಉಜ್ಜಿ ಕೇಸರವನ್ನೂ ಬಾಲದ ಕೂದಲನ್ನೂ ಕಳೆದುಕೊಂಡು ಮೈ ಹಣ್ಣುಮಾಡಿಕೊಳ್ಳುತ್ತವೆ. ಚಾಮರವೇ ಉದುರಿಹೋದರೆ ಮಿಕ್ಕ ನೊಣಗಳಿಗೆ ಬಾಗಿಲು ತೆರೆದಂತೆಯೇ.

ನುಸಿಯ ಇನ್ನೊಂದು ಕಥೆ ಇದಕ್ಕಿಂತ ಭಯಂಕರವಾದದ್ದು. ಆಫ್ರಿಕದ ಕುದುರೆರೋಗ ಎಂಬ ವಿಷಾಣುರೋಗವನ್ನು ಈ ಕೀಟವೇ ಹೊರುತ್ತದೆಂದು ದಕ್ಷಿಣ ಆಫ್ರಿಕದಲ್ಲಿ ಡು ಟಾಯ್ ಎಂಬ ವಿಜ್ಞಾನಿ ೧೯೪೪ರಲ್ಲಿ ತೋರಿಸಿದನು. ೧೯೫೯ರಲ್ಲಿ ಆ ರೋಗ ಮಧ್ಯಪ್ರಾಚ್ಯದಲ್ಲಿ ಎದ್ದಿತು. ೧೯೬೦ರಲ್ಲಿ ಪಾಕಿಸ್ತಾನವನ್ನು ದಾಟಿ ಭಾರತಕ್ಕೂ ಬಂತು. ೧೯೬೧ರ ಹೊತ್ತಿಗೆ ಈ ದೇಶಗಳಲ್ಲೆಲ್ಲ ಸೇರಿ ಮೂರು ಲಕ್ಷಕ್ಕೂ ಮೀರಿ ಕುದುರೆ, ಕತ್ತೆ, ಹೇಸರಗತ್ತೆಗಳು ಸತ್ತವು. ಆಮೇಲೆ ಪಿಡುಗು ನಮ್ಮ ದೇಶದಿಂದ ತೊಲಗಿತು. ಸಾಸಿವೆ ಕಾಳಿನಷ್ಟು ಹುಳು ಎಷ್ಟು ಲಾಯಗಳನ್ನು ಬರಿದು ಮಾಡಬಲ್ಲದು ಎಂಬುದನ್ನು ಆ ಎರಡು ವರ್ಷಗಳು ತೋರಿಸಿಕೊಟ್ಟವು.

ಮೈಮೇಲೆ ಮಾಡಬಹುದಾದ ರಕ್ಷಣೆ

ನಾಲ್ಕು ಶತ್ರುಗಳ ಹೊತ್ತು ಬೇರೆ, ಹುಟ್ಟುವ ಜಾಗ ಬೇರೆ. ಅದಕ್ಕೆ ತಕ್ಕಂತೆ ಉಪಾಯವೂ ಬೇರೆ. ಮೊದಲು ಹೊತ್ತಿನ ವಿಚಾರ. ಕುದುರೆನೊಣ ಸುಡುಬಿಸಿಲಿನದು, ನುಸಿ ಸಂಜೆ-ಮುಂಜಾವಿನದು. ಆದ್ದರಿಂದ ಕೆರೆಯ ಬದಿಯಲ್ಲಿ ಮೇಯಿಸುವವರು ನಡುಹಗಲಿನಲ್ಲಿ ಕುದುರೆಯನ್ನು ನೆರಳಿನ ಲಾಯಕ್ಕೆ ತರಬೇಕು. ನುಸಿಯ ಕಾಟವಿರುವ ಕಡೆ ಹೊತ್ತು ಇಳಿಯುವ ಮುನ್ನವೇ ಒಳಗೆ ಕಟ್ಟಬೇಕು. ಬೆಳಗ್ಗೆ ಬಿಸಿಲು ಚುರುಕಾದ ಮೇಲೆ ಹೊರಗೆ ಬಿಡಬೇಕು.

ನುಸಿಗೆ ಹಾರುವ ಬಲ ಕಡಿಮೆ. ಗಾಳಿ ಬೀಸಿದರೆ ಅದು ಮೈಮೇಲೆ ಕೂರಲಾರದು. ಲಾಯದಲ್ಲಿ ಒಂದು ವಿದ್ಯುತ್ ಪಂಖವನ್ನು, ಅದರ ತಂತಿ ಕುದುರೆಯ ಬಾಯಿಗೂ ಕಾಲಿಗೂ ಸಿಗದಂತೆ ಎತ್ತರದಲ್ಲಿ ಕಟ್ಟಿ, ಸಂಜೆ ಮುಂಜಾವುಗಳಲ್ಲಿ ತಿರುಗಿಸಿದರೆ ಕಾಟ ಬಹಳ ಮಟ್ಟಿಗೆ ಇಳಿಯುತ್ತದೆ. ಸೆಕೆಗೂ ಅದೇ ಮದ್ದು. ಕಿಟಕಿಗೆ ಸೊಳ್ಳೆಯ ಬಲೆ ಹೊಡೆಸಿದೆವು, ಆದರೂ ನುಸಿ ನಿಂತಿಲ್ಲ ಎನ್ನುವವರುಂಟು. ಸೊಳ್ಳೆಯನ್ನು ತಡೆಯುವ ಕಣ್ಣಿನಲ್ಲಿ ನುಸಿ ನುಸುಳಿ ಬರುತ್ತದೆ. ಅದಕ್ಕೆ ಇನ್ನೂ ನವುರಾದ, ವಸ್ತ್ರದಂಥ ಬಲೆ ಬೇಕು.

ಮೈಗೆ ಹೊದಿಸುವ ತೆಳು ಬಟ್ಟೆಯ ವಿಚಾರದಲ್ಲಿ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕಪ್ಪು, ಕಂದು ಬಣ್ಣದ ನುಣುಪಾದ ಮೈಯಿಂದ ಪ್ರತಿಫಲಿಸುವ ಬೆಳಕು ನೀರಿನ ಮೇಲಿನ ಬೆಳಕಿನಂತೆ ಕುದುರೆನೊಣವನ್ನು ಸೆಳೆಯುತ್ತದೆಂದೂ, ಬಿಳಿಯ ಕುದುರೆಗಳಿಗೆ ಅದರ ಕಾಟ ಕಡಿಮೆಯೆಂದೂ ಹಂಗೆರಿಯ ವಿಜ್ಞಾನಿಗಳು ೨೦೧೦ರಲ್ಲಿ ತೋರಿಸಿದರು. ೨೦೧೯ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಕುದುರೆಗಳಿಗೆ ಕಪ್ಪು, ಬಿಳಿ ಮತ್ತು ಜೀಬ್ರಾದಂತೆ ಪಟ್ಟೆಯಿರುವ ಹೊದಿಕೆಗಳನ್ನು ಹಾಕಿ ನೋಡಿದರು. ಪಟ್ಟೆಯ ಹೊದಿಕೆಯ ಹತ್ತಿರಕ್ಕೆ ನೊಣಗಳು ಹಾರಿಬಂದರೂ ಅದರ ಮೇಲೆ ಇಳಿದವು ಬಹಳ ಕಡಿಮೆ. ಜೀಬ್ರಾದ ಪಟ್ಟೆ ಅಂದಕ್ಕೆ ಮಾತ್ರ ಬಂದದ್ದಲ್ಲ ಎಂದಾಯಿತು. ನಮ್ಮ ಜಟಕಾದವರು ಪಟ್ಟೆಯ ಹೊದಿಕೆ ಹೊಲಿಸದಿದ್ದರೂ ಚಿಂತೆಯಿಲ್ಲ. ಹಳೆಯ ಬಿಳಿ ಪಂಚೆಯೊಂದನ್ನು ಹೊದಿಸಿದರೂ ಕರಿಯ ಕಂಬಳಿಗಿಂತ ಮೇಲು.

ಜಟಕಾ ಕುದುರೆಯ ಹಣೆಗೆ ಕಟ್ಟುವ ಕುಚ್ಚು, ಮಣಿಸಾಲುಗಳನ್ನು ನಾವು ಅಲಂಕಾರವೆಂದು ಭಾವಿಸಿದ್ದೇವೆ. ತಲೆ ಅಲ್ಲಾಡಿದಾಗಲೆಲ್ಲ ಅವು ಕಣ್ಣಿನ ಮುಂದೆ ತೂಗಿ ನೊಣವನ್ನು ಎಬ್ಬಿಸುತ್ತವೆ. ಹಣೆಯ ಜುಟ್ಟು ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ. ಆದ್ದರಿಂದ ಬೇಸಗೆಯಲ್ಲಿ ಜುಟ್ಟನ್ನೂ ಬಾಲವನ್ನೂ ಅಂದಕ್ಕಾಗಿ ಮೊಟಕು ಮಾಡಬಾರದು, ಕುಚ್ಚನ್ನು ಬಿಚ್ಚಿಡಬಾರದು. ಕಣ್ಣಿಗೆ ಹುಣ್ಣಾದ ಕುದುರೆಗೆ, ಒಳಗಿನಿಂದ ನೋಡಲು ಬರುವಂಥ ಬಲೆಯ ಮುಖವಾಡ ಕಟ್ಟಬಹುದು. ಬಲೆ ರೆಪ್ಪೆಗೆ ತಾಗಬಾರದು. ದಿನಕ್ಕೊಮ್ಮೆ ಬಿಚ್ಚಿ ಒಳಗೆ ನೊಣ ಸೇರಿದೆಯೇ ನೋಡಬೇಕು. ಕಣ್ಣಿನ ಸುತ್ತಲನ್ನು ದಿನಕ್ಕೆ ಎರಡು ಸಲ ಒದ್ದೆಬಟ್ಟೆಯಿಂದ ಒರೆಸಬೇಕು. ಕೆಲಸದಿಂದ ಬಂದ ಮೇಲೆ ಬೆವರನ್ನು ತೊಳೆದು ಒಣಗಿಸುವುದೂ ಮುಖ್ಯ. ಬೆವರೇ ನೊಣಕ್ಕೆ ಕೊಡುವ ಆಮಂತ್ರಣ.

ಇನ್ನು ಲೇಪಗಳು. ಬೇವಿನೆಣ್ಣೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಚ್ಚುವುದುಂಟು. ಅದರ ಗುಣ ಕೆಲವು ಗಂಟೆ ಇದ್ದು ಹೋಗುತ್ತದೆ. ಮೊದಲು ಅಂಗೈಯಗಲದ ಜಾಗಕ್ಕೆ ಹಚ್ಚಿ, ಒಂದು ದಿನ ಕಾದು, ಚರ್ಮ ಕೆಂಪಾಗದಿದ್ದರೆ ಮಾತ್ರ ಮಿಕ್ಕ ಕಡೆ ಹಚ್ಚಬೇಕು. ಕಣ್ಣಿನ ಹತ್ತಿರವೂ ಹಸಿ ಗಾಯದ ಮೇಲೂ ಬೇಡ. ಸೇವಂತಿಗೆಯ ಜಾತಿಯ ಹೂವಿನಿಂದ ತೆಗೆಯುವ ಪೈರಿಥ್ರಮ್, ಅದರ ಮಾದರಿಯಲ್ಲಿ ಮಾಡಿದ ಪರ್ಮೆಥ್ರಿನ್ ಮೊದಲಾದ ಔಷಧಿಗಳು ಬಲವಾದವು. ಕುದುರೆಗೆಂದೇ ತಯಾರಾದುದನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಬಳಸಬೇಕು. ಪರ್ಮೆಥ್ರಿನ್ ಬೆಕ್ಕಿಗೂ ಮೀನಿಗೂ ವಿಷ. ಆದ್ದರಿಂದ ತೊಳೆದ ನೀರನ್ನು ಕೆರೆಗೆ ಬಿಡಬಾರದು.

ಕೆಲವು ತಪ್ಪುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೀಮೆಎಣ್ಣೆ, ಡೀಸೆಲ್, ಗಾಡಿಯ ಹಳೆಯ ಎಣ್ಣೆ ಹಚ್ಚುವವರಿದ್ದಾರೆ. ಅವು ಚರ್ಮವನ್ನು ಸುಡುತ್ತವೆ. ದನದ ಉಣ್ಣೆಗೆ ಹಾಕುವ ಅಮಿಟ್ರಾಜ್ ಎಂಬ ಔಷಧಿಯನ್ನು ಕುದುರೆಗೆ ಎಂದಿಗೂ ಹಾಕಬಾರದು. ಅದರಿಂದ ಕರುಳಿನ ಚಲನೆಯೇ ನಿಂತು, ಹೊಟ್ಟೆಶೂಲೆ ಬಂದು, ಪ್ರಾಣಕ್ಕೆ ಅಪಾಯವಾಗುತ್ತದೆ. ಬೇವಿನ ಸೊಪ್ಪಿನ ಹೊಗೆ ಬಯಲಿನಲ್ಲಿ ಒಳ್ಳೆಯದೇ. ಮುಚ್ಚಿದ ಲಾಯದಲ್ಲಿ ರಾತ್ರಿಯೆಲ್ಲ ಹೊಗೆ ಹಾಕಿದರೆ ನೊಣ ಹೋಗುವ ಮೊದಲು ಕುದುರೆಯ ಶ್ವಾಸಕೋಶ ಕೆಡುತ್ತದೆ. ಒಣಹುಲ್ಲಿನ ನಡುವೆ ಕಿಡಿಯ ಭಯ ಬೇರೆ.

ತೊಟ್ಟಿಲನ್ನು ಕೆಡಿಸುವುದೇ ಮೇಲು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ನಿಲ್ಲುತ್ತದೆ. ಮೈಮೇಲೆ ಕುಳಿತ ನೊಣವನ್ನು ಓಡಿಸುವುದು ಸೋರುವ ಮನೆಯಲ್ಲಿ ನೀರು ಬಳಿಯುವಂಥ ಕೆಲಸ. ಮಾಡನ್ನು ಮುಚ್ಚಿದ ಹೊರತು ನೀರು ನಿಲ್ಲದು. ಒಂದು ಕಾಲದಲ್ಲಿ ಡಿ.ಡಿ.ಟಿ. ಸಿಂಪಡಿಸಿದರೆ ನೊಣಕ್ಕೆ ಅಂತ್ಯಕಾಲ ಬಂತೆಂದು ಜಗತ್ತು ನಂಬಿತ್ತು. ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವಾಗುವಷ್ಟರಲ್ಲಿ, ೧೯೪೬ರಲ್ಲಿಯೇ, ಅದಕ್ಕೆ ಜಗ್ಗದ ಮನೆನೊಣಗಳು ಸ್ವೀಡನ್ನಿನಲ್ಲಿ ಕಾಣಿಸಿಕೊಂಡವು. ವಿಷಕ್ಕೆ ಒಗ್ಗಿಕೊಳ್ಳುವ ನೊಣವುಂಟು. ತೊಟ್ಟಿಲಿಲ್ಲದೆ ಹುಟ್ಟುವ ನೊಣವಿಲ್ಲ.

ಬೇಸಗೆಯ ಬಿಸಿಯಲ್ಲಿ ಮನೆನೊಣದ ಮೊಟ್ಟೆ ರೆಕ್ಕೆಯ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಲಾಯದ ನೊಣಕ್ಕೆ ಎರಡು ಮೂರು ವಾರ ಬೇಕಾಗಬಹುದು. ಈ ಅವಧಿ ಮುಗಿಯುವ ಮೊದಲೇ ಲದ್ದಿಯನ್ನು ಕೆಡಿಸಿದರೆ ಒಂದು ತಲೆಮಾರು ನೊಣ ಹುಟ್ಟದೆ ಹೋಗುತ್ತದೆ. ಒಂದು ಕುದುರೆ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋ ಲದ್ದಿ ಹಾಕುತ್ತದೆ. ಅದನ್ನು ಪ್ರತಿದಿನ ತೆಗೆಯಬೇಕು. ‘ನಾಳೆ ಎರಡು ದಿನದ್ದು ಸೇರಿಸಿ’ ಎನ್ನಬಾರದು. ತೆಗೆದುದನ್ನು ಲಾಯದಿಂದ ದೂರದಲ್ಲಿ ಒತ್ತಾಗಿ ರಾಶಿ ಮಾಡಿ, ಮಣ್ಣಿನಿಂದಲೋ ದಪ್ಪ ಪ್ಲಾಸ್ಟಿಕ್ ಹಾಳೆಯಿಂದಲೋ ಅಂಚು ಬಿಡದಂತೆ ಮುಚ್ಚಬೇಕು. ಕೊಳೆಯುವ ರಾಶಿಯ ಒಳಗೆ ಐವತ್ತೈದು ಅರವತ್ತು ಡಿಗ್ರಿ ಸೆಲ್ಸಿಯಸ್ ತನಕ ಕಾವು ಏಳುತ್ತದೆ. ಆ ಕಾವಿನಲ್ಲಿ ಹುಳು ಉಳಿಯದು. ಹೊರಮೈ ತಣ್ಣಗಿರುವುದರಿಂದ ವಾರಕ್ಕೊಮ್ಮೆ ರಾಶಿಯನ್ನು ಮಗುಚಿ ಹೊರಗಿನದನ್ನು ಒಳಗೆ ಹಾಕಬೇಕು. ಹೀಗೆ ಮಾಡಿದ ಲದ್ದಿ ಕೆಲವು ತಿಂಗಳಲ್ಲಿ ಹೂಗಿಡಗಳಿಗೆ ಉತ್ತಮ ಗೊಬ್ಬರವಾಗುತ್ತದೆ, ಕೊಳ್ಳುವವರೂ ಇದ್ದಾರೆ. ಜಾಗವಿಲ್ಲದವರು ಲದ್ದಿಯನ್ನು ಬಿಸಿಲಿನಲ್ಲಿ ತೆಳ್ಳಗೆ ಹರಡಿ ಒಣಗಿಸಲಿ; ಒಣಗಿದ ಲದ್ದಿಯಲ್ಲಿ ನೊಣ ಹುಟ್ಟದು.

ಲಾಯದ ನೆಲ ಇಳಿಜಾರಾಗಿದ್ದು ಮೂತ್ರ ಹರಿದುಹೋಗಬೇಕು. ಒದ್ದೆಯಾದ ಹಾಸುಹುಲ್ಲನ್ನು ಅಂದೇ ತೆಗೆಯಬೇಕು. ಮೇವಿನ ತೊಟ್ಟಿಯ ಅಡಿಯಲ್ಲಿ, ಮೂಲೆಗಳಲ್ಲಿ ಚೆಲ್ಲಿದ ಹುರುಳಿ ಕೊಳೆಯದಂತೆ ಗುಡಿಸಬೇಕು. ನೀರಿನ ತೊಟ್ಟಿ ತುಳುಕಿ ಕೆಸರಾದ ಜಾಗಕ್ಕೆ ಮರಳು ಹಾಕಬೇಕು, ಏಕೆಂದರೆ ನುಸಿಗೆ ಅಷ್ಟು ಕೆಸರೇ ಸಾಕು. ಇವಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ; ದಿನವೂ ತಪ್ಪದ ಪೊರಕೆ ಬೇಕು.

ನಮ್ಮ ಓಣಿಯ ಪಾಲು

ಈಗ ಅಡಿಗೆಮನೆಯ ನಂಟಿಗೆ ಬರುತ್ತೇನೆ. ಆ ಹುಡುಗನ ಮನೆಯ ಲಾಯ ನಮ್ಮ ಓಣಿಯ ಕೊನೆಯಲ್ಲಿದೆ. ಬೇಸಗೆಯಲ್ಲಿ ನಮ್ಮ ಮನೆಗಳಲ್ಲಿ ನೊಣ ಹೆಚ್ಚಾದಾಗಲೆಲ್ಲ ನಾವು, ನಾನೂ ಸೇರಿದಂತೆ, ಲಾಯದ ಕಡೆ ಬೆರಳು ತೋರುತ್ತಿದ್ದೆವು. ಕುದುರೆಯ ಕಣ್ಣನ್ನು ನೋಡಲು ಬಂದ ಪಶುವೈದ್ಯರು ಲಾಯವನ್ನು ಸುತ್ತಿ ನೋಡಿದರು. ಲದ್ದಿಯ ರಾಶಿ ಮುಚ್ಚಿರಲಿಲ್ಲ, ಅದು ತಪ್ಪೇ. ಆದರೆ ಲಾಯದ ಗೋಡೆಯ ಆಚೆ, ಓಣಿಯ ಮೂಲೆಯಲ್ಲಿ, ಇನ್ನೊಂದು ರಾಶಿಯಿತ್ತು. ಹಲಸಿನ ಸಿಪ್ಪೆ, ಮಾವಿನ ಗೊರಟೆ, ಊಟವಾದ ಬಾಳೆಲೆ, ಹಳಸಿದ ಅನ್ನ. ಅದು ನಮ್ಮ ಹನ್ನೆರಡು ಮನೆಗಳ ರಾಶಿ. ಅವರು ಕೋಲಿನಿಂದ ಅದನ್ನು ಕೆದಕಿದರು. ಒಳಗೆ ಬಿಳಿಯ ಹುಳುಗಳು ಮಿಸುಕುತ್ತಿದ್ದವು. “ಮೇಷ್ಟ್ರೇ, ಇವು ರೆಕ್ಕೆ ಬಂದ ಮೇಲೆ ಎರಡು ಕಡೆಗೂ ಹಾರುತ್ತವೆ” ಎಂದರು. ನಾನು ಉತ್ತರ ಹೇಳಲಿಲ್ಲ.

ನಮ್ಮ ಸಿಪ್ಪೆಯಲ್ಲಿ ಹುಟ್ಟಿದ ನೊಣ ಕುದುರೆಯ ಹುಣ್ಣಿನ ಮೇಲೂ ಕೂರುತ್ತದೆ. ಲದ್ದಿಯಲ್ಲಿ ಹುಟ್ಟಿದ ನೊಣ ನಮ್ಮ ಹಾಲಿನ ಪಾತ್ರೆಯ ಮೇಲೂ ಕೂರುತ್ತದೆ. ನೊಣಕ್ಕೆ ಓಣಿಯ ಗಡಿ ಗೊತ್ತಿಲ್ಲ. ಮರುದಿನ ನಾಲ್ಕು ಮನೆಯವರು ಸೇರಿ ಆ ಮೂಲೆಯನ್ನು ತೆಗೆಸಿ, ಮಣ್ಣು ಎಳೆಸಿ, ಮುಚ್ಚಳವಿರುವ ತೊಟ್ಟಿಯನ್ನು ಇಟ್ಟೆವು. ಮಿಕ್ಕ ಎಂಟು ಮನೆಯವರು ಒಪ್ಪಲು ಜೂನ್ ತಿಂಗಳಾಯಿತು. ಲಾಯದ ಯಜಮಾನರು ಲದ್ದಿಯ ಗುಂಡಿಗೆ ಹಾಳೆ ಹೊದಿಸಿ ಅಂಚಿಗೆ ಕಲ್ಲು ಇಟ್ಟರು. ನೊಣ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಮುಂದಿನ ಬೇಸಗೆಯಲ್ಲಿ ಊಟದ ಎಲೆಯ ಮೇಲೆ ಕೈಬೀಸುವ ಕೆಲಸ ನಮಗೆ ಕಡಿಮೆಯಾಯಿತು ಎಂಬುದನ್ನು ಮಾತ್ರ ಹೇಳಬಲ್ಲೆ.

ಕುದುರೆಯ ಕಣ್ಣು ಉಳಿಯಿತು. ಒಳಮೂಲೆಯಲ್ಲಿ ಕೂದಲಿಲ್ಲದ ಒಂದು ಬಿಳಿಯ ಕಲೆ ಉಳಿದಿದೆ. ಹುಡುಗ ಹತ್ತನೆಯ ತರಗತಿಗೆ ಬಂದ. ಚಾಮರದ ಪಾಠವನ್ನು ಮುಂದಿನ ವರ್ಷದ ತರಗತಿಗೆ ಹೇಳುವಾಗ ಈ ಕಥೆಯನ್ನೂ ಸೇರಿಸಿದೆ. ಅರಸನಿಗೆ ಚಾಮರ ಬೀಸಲು ಇಬ್ಬರು ನಿಲ್ಲುತ್ತಿದ್ದರು. ನಮಗಾಗಿ ದುಡಿಯುವ ಪ್ರಾಣಿಗೆ ದಿನಕ್ಕೊಮ್ಮೆ ಪೊರಕೆ ಹಿಡಿದರೆ ಅದೂ ಚಾಮರಸೇವೆಯೇ. ಓದುಗರು ಈ ಸಂಜೆ ರೇಡಿಯೋ ಹಾಕುವ ಮುನ್ನ ತಮ್ಮ ಮನೆಯ ಹಿತ್ತಲನ್ನೂ ಓಣಿಯ ಮೂಲೆಯನ್ನೂ ಒಮ್ಮೆ ನೋಡಿ ಬರಲಿ ಎಂದು ಕೇಳಿಕೊಳ್ಳುತ್ತೇನೆ.